ಚಿಕ್ಕಮ್ಮನ ಗಾಡಿ ಮತ್ತು ಹಿತ್ತಲ ಬಾಗಿಲು

"ಮೊದಲು ಈ ಕಸಾನ ಇಲ್ಲಿಂದ ಎತ್ತು."

ಕಟ್ಟಡದ ಮ್ಯಾನೇಜರ್ ಕೀಗನ್ ಬೂಟಿನ ತುದಿಯಿಂದ ನಮ್ಮ ಚಿಕ್ಕಮ್ಮನ ಗಾಡಿಯನ್ನು ತೋರಿಸಿದ. ಇಂಗ್ಲಿಷು ಅಷ್ಟಾಗಿ ಬಾರದ ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ಏನಂತೆ ಈ ಮುಂಡೇಮಗಂದು?"

"ಗಾಡಿ ತೆಗೀಬೇಕಂತೆ."

"ಅದಲ್ಲ. ಗಾಡೀನ ಏನೋ ಅಂದ್ನಲ್ಲ."

ನಾನು ತಡವರಿಸಿದೆ. "ಕಸ ಅಂದ, ಚಿಕ್ಕವ್ವ."

ಚಿಕ್ಕಮ್ಮನ ಮುಖ ಅರಳಿತು. "ಹಂಗಂದ್ನಾ? ಹಂಗಾರೆ ಸುತ್ತಿದ್ದು ಸಾರ್ಥಕ ಆಯ್ತು ಬುಡು."

ಅವಳು ಖುಷಿಪಡುವುದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ಆ ಬ್ಯಾಟರಿ ಸೈಕಲ್ಲು ಅಂಗಡಿಯಿಂದ ಬಂದಾಗ ಗಿಳಿಹಸಿರು ಬಣ್ಣದಲ್ಲಿ ಮದುವಣಗಿತ್ತಿಯ ಹಾಗಿತ್ತು. ಬಂದ ಮೊದಲ ಭಾನುವಾರವೇ ಚಿಕ್ಕಮ್ಮ ಅದನ್ನು ಬ್ರಾಂಕ್ಸಿನ ನಮ್ಮ ಮನೆಯ ಹಿಂದೆ ನಿಲ್ಲಿಸಿಕೊಂಡು ಅದರ ಚೆಂದವನ್ನೆಲ್ಲ ಮುಚ್ಚಲು ಕುಳಿತಳು. ಪಂಕ್ಚರಾದ ಹಳೆಯ ಟ್ಯೂಬುಗಳನ್ನು ಸೀಳಿ ಫ್ರೇಮಿಗೆ ಸುತ್ತಿದಳು. ಅದರ ಮೇಲೆ ಕರಿ ಟೇಪು. ಹ್ಯಾಂಡಲ್ಲಿಗೆ ಹರಿದ ಕಂಬಳಿಯಲ್ಲಿ ಹೊಲಿದ ಗವಸು, ಗವಸಿನ ಮೇಲೆ ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಹೊಸ ಸೀಟನ್ನು ತಾನೇ ಬ್ಲೇಡಿನಿಂದ ಗೀರಿ, ತಾನೇ ತೇಪೆ ಹಾಕಿದಳು. ಕೊನೆಗೆ, ಗಡಿಯಾಚೆ ನಾವು ಬಿಟ್ಟುಬಂದ ಗೆರೆರೊ ಬೆಟ್ಟದ ಕಡೆ ಎಳೆಗೂಸಿಗೆ ದೃಷ್ಟಿಯಾಗದಿರಲೆಂದು ಕೆಂಪು ದಾರದಲ್ಲಿ ಕಟ್ಟುವ ಬೀಜವೊಂದನ್ನು ಬ್ರೇಕಿನ ತಂತಿಗೆ ಕಟ್ಟಿದಳು.

"ಚೆಂದಾಗಿರೋದ್ನೇ ಕದಿಯೋದು ಕಣ್ಮಗಾ. ನನ್ನೇ ನೋಡು. ಇಷ್ಟು ವರ್ಷ ಆದ್ರೂ ಯಾವನೂ ಹೊತ್ಕೊಂಡು ಹೋಗ್ಲಿಲ್ಲ."

ಹೊರಗಿನಿಂದ ಭಿಕಾರಿಯಂತಿದ್ದ ಆ ಗಾಡಿ ಮನೆಯೊಳಗೆ ಮಹಾರಾಣಿ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಚೈನನ್ನು ತಿಂದುಹಾಕುತ್ತದೆ ಎಂದು ಚಿಕ್ಕಮ್ಮ ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ನನ್ನ ಬ್ರಷ್ಷು ಯಾವಾಗ ಹಳೆಯದಾಗುತ್ತದೋ ಎಂದು ಕಾಯುತ್ತಿದ್ದಳು. ಕೆಲವು ಸಲ ಕಾಯುತ್ತಲೂ ಇರಲಿಲ್ಲ. ಬ್ಯಾಟರಿ ಚಳಿಗೆ ಸಾಯುತ್ತದೆಂದು ದಿನಾ ಅದನ್ನು ಕಂಕುಳಲ್ಲಿಟ್ಟುಕೊಂಡು ಮಹಡಿ ಹತ್ತುತ್ತಿದ್ದಳು. ಅದಕ್ಕೆ ಹೀಟರಿನ ಹತ್ತಿರ ಜಾಗ, ಆದರೆ ತೀರಾ ಹತ್ತಿರವಲ್ಲ. ಚಾರ್ಜಿಗೆ ಹಾಕಿದರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು, ಹಾಲು ಉಕ್ಕೀತೆಂದು ಕಾಯುವವಳ ಹಾಗೆ. ಅಗ್ಗದ ಬ್ಯಾಟರಿ ಹೊತ್ತಿ ಉರಿದ ಮನೆಗಳನ್ನು ಅವಳು ಕಂಡಿದ್ದಳು. ಅದಕ್ಕೇ ಎರಡು ಬೇಸಿಗೆ ಊರಿಗೆ ಹೋಗುವ ಆಸೆ ಬಿಟ್ಟು ಒಳ್ಳೆಯ ಬ್ಯಾಟರಿ ಕೊಂಡಿದ್ದಳು. ನಾನು ಪದವಿ ಪಡೆದ ದಿನ ನನಗೆ ಹೂಗುಚ್ಛ ಬಂತು, ಗಾಡಿಗೆ ಹೊಸ ಮೋಟರು ಬಂತು. ಅವಳಿಗೆ ಯಾರ ಮೇಲೆ ಹೆಚ್ಚು ಪ್ರೀತಿ ಎಂದು ನಾನು ಕೇಳಲು ಹೋಗಲಿಲ್ಲ.

ಆ ಗಾಡಿ ಓಡಿದರೆ ಮನೆಮನೆಗೆ ಊಟ ಮುಟ್ಟಿಸುವ ಆ್ಯಪಿನಲ್ಲಿ ಆರ್ಡರು, ಆರ್ಡರು ಬಂದರೆ ನಮ್ಮ ಮನೆಯಲ್ಲಿ ಒಲೆ. ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ಅವಳಿಗೆ ಈ ಜನ್ಮದಲ್ಲಿ ಇರಲಿಲ್ಲ.

ಕೀಗನ್ನನ ಕಟ್ಟಡಕ್ಕೊಂದು ಕಾನೂನಿತ್ತು. ಊಟ ತರುವವರು ಮುಂಬಾಗಿಲು ಮೆಟ್ಟಬಾರದು. ಸುತ್ತಿ ಹೋಗಿ ಹಿತ್ತಲ ಓಣಿಯಲ್ಲಿ ಗಾಡಿ ಬಿಟ್ಟು, ಕಸದ ಡಬ್ಬಿಗಳನ್ನು ದಾಟಿ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಮೇಲೆ ಹೋಗಬೇಕು. ಆ ಲಿಫ್ಟು ಗರ್ಭಿಣಿಯ ಹಾಗೆ ನಿಧಾನ. ಓಣಿಯಲ್ಲಿ ಅಂಗಡಿಯಿಲ್ಲ, ಕಿಟಕಿಯಿಲ್ಲ, ನರಪಿಳ್ಳೆಯಿಲ್ಲ. ನಮ್ಮ ಊರಿನವನೇ ಆದ ಎಲಿಗಿಯೊ ಕಳೆದ ಶರತ್ಕಾಲದಲ್ಲಿ ಅಲ್ಲಿ ಗಾಡಿಗೆ ಬೀಗ ಹಾಕಿ ಮೇಲೆ ಹೋಗಿದ್ದ. ಇಳಿದು ಬಂದಾಗ ಕತ್ತರಿಸಿದ ಬೀಗ ಮಾತ್ರ ನೆಲದಲ್ಲಿ ಬಿದ್ದಿತ್ತು. "ನಿಮ್ಮ ವಸ್ತು, ನಿಮ್ಮ ಜವಾಬ್ದಾರಿ," ಅಂದಿದ್ದ ಕೀಗನ್. ಎಲಿಗಿಯೊ ಈಗ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ತಟ್ಟೆ ತೊಳೆಯುತ್ತಾನೆ. ದಾರಿಯಲ್ಲಿ ಸಿಕ್ಕರೆ ಮನುಷ್ಯರ ಮುಖ ನೋಡುವುದಿಲ್ಲ, ಹೋಗುವ ಬರುವ ಗಾಡಿಗಳನ್ನು ನೋಡುತ್ತಾನೆ.

ಅದಾದ ಮೇಲೆ ಇತಿಹಾಸದಲ್ಲಿ ಪದವಿ ಪಡೆದ ನನಗೆ ಮೊದಲ ಕೆಲಸ ಸಿಕ್ಕಿತು. ವಾರದ ಕೊನೆಯಲ್ಲಿ ಆ ಓಣಿಯಲ್ಲಿ ನಿಂತು ನಮ್ಮವರ ಗಾಡಿಗಳನ್ನು ಕಾಯುವುದು. ಮಾತಾಡಬೇಕಾಗಿಲ್ಲದ ಕೆಲಸವಾದ್ದರಿಂದ ನನಗೆ ಹಿಡಿಸಿತು. "ಡಿಗ್ರಿ ಅಮ್ಮಾವ್ರೇ, ನಮ್ದನ್ನೂ ಒಸಿ ನೋಡ್ಕಳಿ," ಎಂದು ನಗುತ್ತ ಹುಡುಗರು ಮೇಲೆ ಹೋಗುತ್ತಿದ್ದರು. ಬರುವಾಗ ಬಿಸಿ ಕಾಫಿ ತರುತ್ತಿದ್ದರು.

ಗಾಡಿಯನ್ನು ಕಸ ಅಂದದ್ದರ ಹಿಂದಿನ ದಿನ, ಶನಿವಾರ, ಕೀಗನ್ ಆ ಓಣಿಗೆ ಬಂದ.

"ಏನ್ ಮಾಡ್ತಾ ಇದ್ದೀಯ ಇಲ್ಲಿ?"

"ಗಾಡಿ ಕಾಯ್ತಾ ಇದ್ದೀನಿ ಸರ್."

"ಚೀಲದಲ್ಲೇನಿದೆ? ತೆಗಿ. ಎಲ್ಲಾ ಕೆಳಗೆ ಸುರಿ."

ಸುರಿದೆ. ಸ್ಪ್ಯಾನರು, ಗಾಳಿ ಹೊಡೆಯುವ ಪಂಪು, ತಂತಿ ಕತ್ತರಿಸುವ ಇಕ್ಕಳ, ಟೇಪಿನ ಸುರುಳಿ.

"ಕಾಯೋಳ ಹತ್ರ ಕಳ್ಳರ ಸಾಮಾನೇ ಇದೆಯಲ್ಲ," ಅಂದ. ಚೀಲದಿಂದ ಕೊನೆಗೆ ಬಿದ್ದದ್ದು ಚಿಕ್ಕಮ್ಮ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿಕೊಟ್ಟ ತಮಾಲೆ, ನನ್ನ ಮಧ್ಯಾಹ್ನದ ಊಟ. ಅವನು ಬಗ್ಗಿ, ಪೆನ್ನಿನ ತುದಿಯಿಂದ ಸಿಪ್ಪೆ ಬಿಡಿಸಿದ. ಒಳಗಿನ ಹಿಟ್ಟನ್ನು ಎರಡಾಗಿ ಸೀಳಿದ.

"ಇದೇನು?"

"ಕೋಳಿ, ಸರ್."

ಕ್ಷಮೆ ಕೇಳುವ ದನಿಯಲ್ಲಿ ಹೇಳಿದೆ, ಕೋಳಿ ಸತ್ತದ್ದು ನನ್ನಿಂದಲೇ ಎಂಬ ಹಾಗೆ. ಇನ್ನೊಮ್ಮೆ ಓಣಿಯಲ್ಲಿ ಕಂಡರೆ ಪೊಲೀಸರಿಗೆ ಹೇಳುತ್ತೇನೆ, ಇಲ್ಲಿನ ಜನರ ನಾಯಿಗಳು ನಿನ್ನನ್ನು ಕಂಡು ಬೆದರುತ್ತವೆ ಅಂದ. ಮನೆಗೆ ಬಂದು ಹೇಳಿದಾಗ ಚಿಕ್ಕಮ್ಮ ಬೇರೆಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡಳು.

"ತಮಾಲೇನ ಪೆನ್ನಲ್ಲಿ ಚುಚ್ಚಿದ್ನಾ?" ಎಂದು ಎರಡು ಸಲ ಕೇಳಿದಳು.

ಹೀಗಾಗಿ ಆ ಭಾನುವಾರ ಹಿಮ ಬೆರೆತ ಮಳೆಯಲ್ಲಿ ನಾವು ಮುಂಬಾಗಿಲ ಎದುರಿಗೇ ಬಂದು ನಿಂತಿದ್ದೆವು. ಚಿಕ್ಕಮ್ಮನ ಕೈಯಲ್ಲಿ ಮೂವತ್ತೊಂದನೆಯ ಮಹಡಿಯ ಮಿಸೆಸ್ ವಿಟ್ಲಾಕ್ ಅವರ ಸೂಪು.

"ಕೇಳು ಅವನ್ನ," ಅಂದಳು ಚಿಕ್ಕಮ್ಮ. "ಓಣೀಲಿ ಬಿಟ್ರೆ ಕಳ್ರು ಹೊತ್ಕಂಡೋಯ್ತಾರೆ, ಕಾಯಾಕೆ ನಿಂತ್ರೆ ಇವ್ನು ಪೊಲೀಸು ಅಂತಾನೆ. ಗಾಡೀನ ಇವರವ್ವನ ಮನೆ ಅಟ್ಟದ ಮ್ಯಾಲೆ ಇಡ್ಲಾ ಅಂತ ಕೇಳು."

"ಸರ್, ಐದು ನಿಮಿಷ ಇಲ್ಲಿ ನಿಲ್ಲಿಸಬಹುದಾ ಅಂತ ಕೇಳ್ತಿದ್ದಾರೆ," ಅಂದೆ. ನನ್ನ ಭಾಷಾಂತರದಲ್ಲಿ ಚಿಕ್ಕಮ್ಮ ಬಹಳ ಸಭ್ಯ ಹೆಂಗಸು.

"ಆಗಲ್ಲ. ನಿಲ್ಲಿಸಿದ್ರೆ ಬೀಗ ಕತ್ತರಿಸಿ ಕಸದ ಲಾರಿಗೆ ಹಾಕಿಸ್ತೀನಿ," ಅಂದು ಅವನು ಒಳಗೆ ಹೋದ.

ನಾನು ಮಿಸೆಸ್ ವಿಟ್ಲಾಕ್ ಅವರಿಗೆ ಫೋನು ಮಾಡಿದೆ. "ಕೆಳಗೆ ಬಂದು ತಗೊಳ್ಳೋಕೆ ಆಗುತ್ತಾ ಮೇಡಂ?"

"ಅಯ್ಯೋ, ಮಳೆ ಬರ್ತಾ ಇದೆಯಲ್ಲಮ್ಮ," ಅಂದರು ಅವರು, ನಿಜವಾದ ಕನಿಕರದಿಂದ. "ನಾನು ಚಪ್ಪಲಿ ಕೂಡ ಹಾಕ್ಕೊಂಡಿಲ್ಲ."

ಸೂಪು ಮುಟ್ಟಿಸದಿದ್ದರೆ ಆ್ಯಪು ಚಿಕ್ಕಮ್ಮನನ್ನು ಕೈಬಿಡುತ್ತದೆ. ಯಾರು ಮುಟ್ಟಿಸಲು ಹೋದರೂ, ಗಾಡಿ ಹಿಡಿದು ನಿಂತವರ ಮೇಲೆ ಕೀಗನ್ ಪೊಲೀಸರನ್ನು ಕರೆಯುತ್ತಾನೆ, ಗಾಡಿ ಹೋಗುತ್ತದೆ. ಚಿಕ್ಕಮ್ಮ ಒಂದು ಸಲ ಗಾಡಿಯನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು.

"ಹಂಗಾರೆ ಮೂರು ಜನಾನೂ ಹೋಗಾನ ಬಾ."

"ಮೂರು ಜನ ಯಾರು ಚಿಕ್ಕವ್ವ?"

ಅವಳು ಆಗಲೇ ಗಾಡಿಯನ್ನು ಬಾಗಿಲ ಕಡೆ ತಿರುಗಿಸಿದ್ದಳು.

ಬಾಗಿಲಲ್ಲಿ ಬ್ರೌಲಿಯೊ ಇದ್ದ. ಹಿತ್ತಾಳೆ ಗುಂಡಿಯ ಕೋಟು ತೊಟ್ಟ ಈ ಕಾವಲುಗಾರನೂ ನಮ್ಮ ಬೆಟ್ಟದ ಕಡೆಯವನೇ. ಮಕ್ಕಳ ತಳ್ಳುಗಾಡಿ, ಮುದುಕರ ಗಾಲಿಕುರ್ಚಿಗಳಿಗೆ ಬಾಗಿಲು ಹಿಡಿದು ಹಿಡಿದು, ಚಕ್ರ ಎಂಬುದು ಕಂಡರೆ ಸಾಕು, ಅವನ ಕೈ ತಾನಾಗಿ ಬಾಗಿಲು ಎಳೆಯುತ್ತಿತ್ತು. ಎಳೆದೇಬಿಟ್ಟ. ಆಮೇಲೆ ಯಾರಿಗೆ ಎಳೆದೆ ಎಂದು ನೋಡಿದ.

"ಮಾಕ್ಲೋವಿಯಾ, ಬ್ಯಾಡ ಕಣೆ," ಎಂದು ಚಿಕ್ಕಮ್ಮನ ಹೆಸರು ಹಿಡಿದು ಅಂಗಲಾಚಿದ. "ನನ್ನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ."

"ನಿನ್ನ ಹೊಟ್ಟೆ ಮ್ಯಾಲೆ ಹೊಡೆದ್ರೆ ನಂಗೇ ಕೈನೋವು ಬತ್ತದೆ. ಅಷ್ಟು ಬೆಳೆಸಿದ್ದೀಯ. ಜರುಗು."

ಅವನು ಜರುಗಿದನೋ, ಚಕ್ರವೇ ಅವನನ್ನು ಜರುಗಿಸಿತೋ ಹೇಳಲಾರೆ. ಬಾಗಿಲನ್ನಂತೂ ಬಿಡಲಿಲ್ಲ.

ಒಳಗೆ ಹಾಲಿನ ಬಣ್ಣದ ನೆಲ. ಅದರ ಮೇಲೆ ಕಪ್ಪು ನೀರಿನ ಗೆರೆ ಎಳೆಯುತ್ತ ಗಾಡಿ ಮುಂದೆ ಹೋಯಿತು, ಅದರ ಹಿಂದೆ ಚಿಕ್ಕಮ್ಮ, ಅವಳ ಹಿಂದೆ ತಲೆ ತಗ್ಗಿಸಿಕೊಂಡು ನಾನು. ಲಿಫ್ಟಿನ ಎದುರು ಒಬ್ಬ ಹೆಂಗಸು ನಾಯಿ ಹಿಡಿದು ನಿಂತಿದ್ದಳು. ನಾಯಿಗೆ ಉಣ್ಣೆಯ ಕೋಟಿತ್ತು, ನಾಲ್ಕು ಪುಟ್ಟ ಬೂಟುಗಳಿದ್ದವು. ಅದು ನನ್ನನ್ನು ಕಂಡು ಬೆದರಲಿಲ್ಲ. ಚಕ್ರ ಮೂಸಿ ಬಾಲ ಆಡಿಸಿತು. ಒಡತಿ ಮಾತ್ರ, ತಾನು ಮುಂದಿನ ಲಿಫ್ಟಿಗೆ ಬರುತ್ತೇನೆ ಅಂದಳು.

ಗಾಡಿ ಲಿಫ್ಟಿನೊಳಗೆ ಉದ್ದಕ್ಕೆ ಹಿಡಿಸಲಿಲ್ಲ. ಚಿಕ್ಕಮ್ಮ ಅದನ್ನು ಕೊರಳು ಹಿಡಿದು ಎತ್ತಿ ಹಿಂದಿನ ಚಕ್ರದ ಮೇಲೆ ನಿಲ್ಲಿಸಿದಳು, ನಮ್ಮ ಮನೆಯ ಇಕ್ಕಟ್ಟಿನ ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸುವ ಹಾಗೆ. ಸುತ್ತಲ ಕನ್ನಡಿಗಳಲ್ಲಿ ಅಂಥದ್ದೇ ಟೇಪು ಸುತ್ತಿದ ಗಾಡಿಗಳು, ಅಂಥದ್ದೇ ಒದ್ದೆ ಹೆಂಗಸರು ಸಾಲಾಗಿ ನಿಂತರು. ಅಷ್ಟು ಜನ ಇದ್ದೇವೆಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ.

ಕೀಗನ್ ಓಡಿ ಬಂದು ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟ. "ಆಚೆ ನಡೀರಿ. ಪೊಲೀಸ್ ಕರೀತೀನಿ."

ಪೊಲೀಸ್ ಎಂಬ ಮಾತಿಗೆ ಭಾಷಾಂತರ ಬೇಕಿರಲಿಲ್ಲ.

"ಕರೀ ಕಣಪ್ಪ," ಅಂದಳು ಚಿಕ್ಕಮ್ಮ, ಅವನಿಗೆ ಅರ್ಥವಾಗದ ನಮ್ಮ ಭಾಷೆಯಲ್ಲಿ, ಮಗುವಿಗೆ ಹೇಳುವಂತೆ. "ಅವ್ರು ಬರೋಗಂಟ ನಾನು ಸೂಪು ಕೊಟ್ಟು ಬತ್ತೀನಿ. ಆರೋದ್ರೆ ಆಯಮ್ಮ ಬಯ್ತದೆ."

ಅವನು ಕಾಲು ತೆಗೆಯಲಿಲ್ಲ. ಚಿಕ್ಕಮ್ಮ ಹಿಡಿತ ಸಡಿಲಿಸಿ ಮುಂದಿನ ಚಕ್ರವನ್ನು ಮೆಲ್ಲಗೆ ಇಳಿಬಿಟ್ಟಳು. ಅದು ಹೊಳೆಯುವ ಆ ಬೂಟಿನ ಮೇಲೆ ಬಂದು ಕೂತಿತು. ಇಡೀ ಊರಿನ ಕೆಸರು, ಉಪ್ಪು ಅದರಲ್ಲಿತ್ತು. ಬೂಟು ಹಿಂದಕ್ಕೆ ಸರಿಯಿತು. ಚಿಕ್ಕಮ್ಮ ಚಕ್ರವನ್ನು ಮತ್ತೆ ಮೇಲಕ್ಕೆತ್ತಿದಳು. ನಾನು ಮೂವತ್ತೊಂದನ್ನು ಒತ್ತಿದೆ. ಅವಸರದಲ್ಲಿ ಮೂವತ್ತೆರಡೂ ಹೊತ್ತಿಕೊಂಡಿತು.

ಮೇಲೆ ನಡುದಾರಿಯಲ್ಲಿ ತೆಳುಬಣ್ಣದ ಜಮಖಾನೆ. ಚಕ್ರದ ಗುರುತು ಮೂಡಿಸುತ್ತ ಹೋಗಿ ಗಂಟೆ ಒತ್ತಿದೆವು. ಮಿಸೆಸ್ ವಿಟ್ಲಾಕ್ ಬರಿಗಾಲಲ್ಲಿ ಬಂದು ಬಾಗಿಲು ತೆರೆದರು. ನಮ್ಮನ್ನು ನೋಡಿದರು, ಗಾಡಿಯನ್ನು ಬಹಳ ಹೊತ್ತು ನೋಡಿದರು.

"ಇದು... ಇದೇನಿದು?"

"ಸೂಪು," ಅಂದಳು ಚಿಕ್ಕಮ್ಮ, ಅವಳಿಗೆ ಬರುವ ಇಂಗ್ಲಿಷಿನಲ್ಲಿ.

ಅವರು ಪೊಟ್ಟಣ ತೆಗೆದುಕೊಂಡರು. ಒಳಗೆ ಬನ್ನಿ ಅನ್ನಲಾಗದೆ, ಬಾಗಿಲು ಹಾಕಲೂ ಆಗದೆ, ಬಿಸಿ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತರು. ಲಿಫ್ಟು ಖಾಲಿಯಾಗಿ ಕೆಳಗಿಳಿದಿತ್ತು. ಅದರ ಮೇಲಿನ ಅಂಕಿಗಳು ಈಗ ಮತ್ತೆ ಒಂದೊಂದಾಗಿ ಹತ್ತತೊಡಗಿದವು.

ಚಿಕ್ಕಮ್ಮ ಗಾಡಿಯನ್ನು ಗೋಡೆಗೆ ಒರಗಿಸಿ, ಹೆಗಲ ಚೀಲದಿಂದ ಚಾರ್ಜರ್ ತೆಗೆದು ನನ್ನ ಕೈಗಿಟ್ಟಳು. ಜಮಖಾನೆ ಗುಡಿಸುವ ಯಂತ್ರಕ್ಕೆಂದು ಗೋಡೆಯ ಬುಡದಲ್ಲಿ ಪ್ಲಗ್ಗಿನ ತೂತುಗಳಿದ್ದವು.

"ಬ್ಯಾಟ್ರೀಲಿ ಒಂದೇ ಗೆರೆ ಉಳಿದೈತೆ ಕೂಸೇ. ಬರೋರು ಬರೋಗಂಟ ಒಸಿ ಚಾರ್ಜು ಹಾಕು."

ನಾನು ಮೊಣಕಾಲೂರಿ ಚುಚ್ಚಿದೆ. ಕೆಂಪು ದೀಪ ಹೊತ್ತಿತು. ಚಿಕ್ಕಮ್ಮ ಬೂಟು ಕಳಚಿ ಪಕ್ಕಕ್ಕಿಟ್ಟು, ಲಿಫ್ಟಿಗೆ ಎದುರಾಗಿ ಚಕ್ಕಂಬಕ್ಕಲ ಹಾಕಿ ಕುಳಿತಳು.