ಮೇಜಿನ ಮೇಲಿನ ಸೂರ್ಯ

ನಾನೊಂದು ಮೇಜಿನ ದೀಪ. ಕಬ್ಬಿಣದ ಪಾದ, ಹಸಿರು ಟೋಪಿ, ಬೇಕಾದ ಕಡೆ ಬಾಗುವ ಕತ್ತು. ಹುಟ್ಟಿದ್ದು ಸ್ಕಾಟ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನನ್ನ ಮೊದಲ ಒಡೆಯ ಇಯನ್ ಎಂಬ ವಿದ್ಯಾರ್ಥಿ. ಅವನು ನನ್ನ ಬೆಳಕಿನಲ್ಲಿ ಓದಿದ್ದಕ್ಕಿಂತ ನಿದ್ದೆ ಹೊಡೆದದ್ದೇ ಹೆಚ್ಚು. ಅವನಿದ್ದ ಗ್ಲಾಸ್ಗೋದ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದವರು ತಮಗೆ ಬೇಡದ್ದನ್ನು ಮುಂದಿನವರಿಗೆಂದು ಒಂದು ಕಪಾಟಿನಲ್ಲಿ ಬಿಟ್ಟುಹೋಗುತ್ತಾರೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಶಿವಲೀಲಾ, ನಗರ ಯೋಜನೆ ಕಲಿಯಲು ಕಲಬುರಗಿಯಿಂದ ಬಂದವಳು.

ಅವಳು ಪರೀಕ್ಷೆಗೆಂದು ರಟ್ಟಿನಲ್ಲಿ ಗ್ಲಾಸ್ಗೋದ ಒಂದು ಚೌಕದ ಪುಟ್ಟ ಮಾದರಿ ಮಾಡಿದಳು. ಸುತ್ತ ಕಟ್ಟಡ, ನಡುವೆ ಮರ, ಬೆಂಚು. ನೆರಳು ಎಲ್ಲಿ ಬೀಳುತ್ತದೆಂದು ನೋಡಲು ನನ್ನನ್ನು ಅದರ ನೆತ್ತಿಯ ಮೇಲೆ ನಿಲ್ಲಿಸಿದಳು. ನಾನು ಸೂರ್ಯನಾದೆ! ಸುಳ್ಳೇಕೆ ಹೇಳಲಿ, ಸ್ವಲ್ಪ ಜಂಬವೂ ಬಂತು.

ಅವಳ ತಾಯಿ ನೀಲಮ್ಮ ಟೀಚರ್ ಕಲಬುರಗಿಯ ರಣಬಿಸಿಲಿನಲ್ಲಿ ದಿನಾ ಬಸ್ಸಿಗೆ ಕಾಯುತ್ತಿದ್ದರು. ಆ ಸ್ಟಾಪಿಗೆ ನೆರಳು ಮಾಡಬೇಕೆಂಬ ಹಟದಿಂದಲೇ ಮಗಳು ಈ ಓದು ಹಿಡಿದಿದ್ದಳು. ಹೀಗಾಗಿ ಇಲ್ಲೂ ಬೆಂಚುಗಳನ್ನೆಲ್ಲ ದೊಡ್ಡ ಕಟ್ಟಡದ ಬುಡದಲ್ಲಿ, ಮರಗಳ ಕೆಳಗೆ ಇಟ್ಟಳು. ನೀಲಮ್ಮ ಟೀಚರ್ ಫೋನಿನಲ್ಲಿ ನೋಡಿ, “ಛಲೋ ಮಾಡಿದಿ ನೋಡವ್ವ. ನೆಳ್ಳಿಲ್ಲಂದ್ರ ಮಂದಿ ಎಲ್ಲಿ ಕುಂದರಬೇಕು?” ಎಂದರು.

ಮರುದಿನ ಪಾಠ ಹೇಳುವ ಹೆಲೆನ್ ಬಂದರು. ನನ್ನ ಕತ್ತು ಹಿಡಿದು, ಚೌಕದ ಪಕ್ಕಕ್ಕೆ, ಟೋಪಿ ಮೇಜಿಗೆ ತಾಗುವಷ್ಟು ಬಗ್ಗಿಸಿದರು. ಕಟ್ಟಡಗಳ ನೆರಳು ಚಾಚಿ ಚೌಕ ಹೆಚ್ಚುಕಡಿಮೆ ಪೂರ್ತಿ ಕತ್ತಲಾಯಿತು.

“ಇಲ್ಲಿ ಚಳಿಗಾಲದ ನಡುಮಧ್ಯಾಹ್ನದ ಸೂರ್ಯ ಇಷ್ಟೇ ಎತ್ತರ. ಜನ ಬಿಸಿಲು ಹುಡುಕಿಕೊಂಡು ಬರುತ್ತಾರೆ, ನೆರಳನ್ನಲ್ಲ. ಇದನ್ನೇ ತಂದರೆ ಪಾಸಾಗುವುದು ಕಷ್ಟ,” ಎಂದರು.

ಗ್ಲಾಸ್ಗೋದ ಚೌಕಕ್ಕೆ ಕಲಬುರಗಿಯ ಸೂರ್ಯನನ್ನು ತಂದು ನಿಲ್ಲಿಸಿದ್ದೆವು, ನಾವಿಬ್ಬರೂ. ನನಗೆ ನಾಚಿಕೆಯಾಯಿತು. ಪದವಿಯಿಲ್ಲದೆ ಅವ್ವನ ಮುಂದೆ ಹೇಗೆ ನಿಲ್ಲಲಿ ಎಂದು ಶಿವಲೀಲಾ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಬೆಂಚುಗಳನ್ನೆಲ್ಲ ಕಿತ್ತಳು. ನನ್ನನ್ನು ಹಾಗೆ ಹೀಗೆ ಬಗ್ಗಿಸಿ, ಬೆಳಕು ಬಿದ್ದಲ್ಲಿ ಮತ್ತೆ ಅಂಟಿಸಿದಳು. ಪಾಸಾದಳು.

ಸ್ವೆಟರಿನಲ್ಲಿ ಸುತ್ತಿ ನನ್ನನ್ನೂ ಊರಿಗೆ ತಂದಳು. ಅಷ್ಟು ಬಗ್ಗಿ ಬಗ್ಗಿ ನನ್ನ ಕತ್ತು ಸಡಿಲವಾಗಿದೆ. ಬಿಟ್ಟರೆ ಸ್ಕಾಟ್ಲೆಂಡಿನ ಸೂರ್ಯನಂತೆ ಕೆಳಗೇ ಇಳಿಯುತ್ತೇನೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳ ಮೇಲೆ ಅವಳು ಅದೇ ಬಸ್‌ಸ್ಟಾಪಿನ ಮಾದರಿ ಮಾಡಿದಾಗ, ನನ್ನನ್ನು ಅದರ ನೆತ್ತಿಯ ಮೇಲೆ ಕೈಯಲ್ಲೇ ಎತ್ತಿ ಹಿಡಿದಳು. ರಟ್ಟಿನ ಸೂರಿನ ಕೆಳಗೆ, ನೆರಳಿನಲ್ಲಿ, ಚೀಲ ಹಿಡಿದ ಒಬ್ಬ ಪುಟ್ಟ ಹೆಂಗಸು.

“ಯವ್ವಾ, ಇಕಿ ನೀನ ನೋಡು.”

ನೀಲಮ್ಮ ಟೀಚರ್ ಬಗ್ಗಿ ನೋಡಿದರು. “ಛಲೋ ಅದ. ಆದ್ರ ನಾ ರಿಟೈರ್ ಆಗೇನಿ ನೋಡವ್ವ, ಇನ್ನ ಯಾ ಬಸ್ಸಿಗೆ ನಿಂದರಲಿ?”

ಮಗಳ ಮುಖ ಚಿಕ್ಕದಾಯಿತು. ನನಗೂ ಸಂಕಟವಾಯಿತು.

ಈಗ ನಾನು ಕಿಟಕಿಯ ಮೂಲೆಯಲ್ಲಿದ್ದೇನೆ. ಬಲ್ಬು ಸುಟ್ಟಿದೆ, ಬದಲಿಸಿದವರಿಲ್ಲ. ಬೇಸರವೂ ಇಲ್ಲ, ಸೂರ್ಯನ ಕೆಲಸ ಮಾಡಿದವನಿಗೆ ಇನ್ನೇನು ಬೇಕು? ಸ್ಟಾಪು ಕಟ್ಟಿ ಮುಗಿದಿದೆ, ಕಿಟಕಿಯಿಂದ ಕಾಣುತ್ತದೆ. ಮಧ್ಯಾಹ್ನ ಬಿಸಿಲೇರಿದಾಗ ನೀಲಮ್ಮ ಟೀಚರ್ ಚೀಲ ಹಿಡಿದು ಹೊರಡುತ್ತಾರೆ. ಆ ನೆರಳಿನಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟು, ಮನೆಗೆ ಬರುತ್ತಾರೆ.