ಅರ್ಧಕ್ಕೆ ನಿಂತ ಎಡಗೈ

ಕುಳ್ಳಗಿರುವವರಿಗೆ ಸಮಾಧಾನ ಹೇಳುವ ಚಟ ಉದ್ದಗಿರುವವರಿಗೇ ಜಾಸ್ತಿ. ನಿಶಾತ್ ಬಾಕ್ಸಿಂಗ್ ಹಿಡಿದ ದಿನದಿಂದ ಆ ಸಮಾಧಾನ ಕೇಳಿಕೊಂಡೇ ಬಂದವಳು. ಎತ್ತರದಲ್ಲೇನಿದೆ ಬಿಡಮ್ಮ, ನಿನ್ನ ಕಾಲಿನ ಚುರುಕು ಯಾರಿಗಿದೆ ಹೇಳು, ಎನ್ನುತ್ತಿದ್ದವರೆಲ್ಲ ಅವಳು ಅಭ್ಯಾಸ ಮಾಡುತ್ತಿದ್ದ ಜಾಲಹಳ್ಳಿಯ ತಗಡಿನ ಶೆಡ್ಡಿನ ಬಾಗಿಲನ್ನು ತಲೆ ಬಗ್ಗಿಸಿ ದಾಟುವವರು. ಐದಡಿಗೆ ಎರಡಂಗುಲ ಕಡಿಮೆ ಇದ್ದ ನಿಶಾತ್ ನೆಟ್ಟಗೆ ನಡೆದೇ ಒಳಗೆ ಬರುತ್ತಿದ್ದಳು.

ಚುರುಕು ಇದ್ದದ್ದು ನಿಜ. ಎದುರಾಳಿಯ ಕೈ ಬಂದು ಮುಟ್ಟುವಷ್ಟರಲ್ಲಿ ಅವಳ ತಲೆ ಆ ಜಾಗದಲ್ಲಿ ಇರುತ್ತಿರಲಿಲ್ಲ. ಶೆಡ್ಡು ನಡೆಸುತ್ತಿದ್ದ ಮುನಿಶಾಮಪ್ಪ ಅಬ್ಬಿಗೆರೆಯವರು, ಕಾರ್ಖಾನೆಯಿಂದ ನಿವೃತ್ತರಾದ ಹಳೆಯ ಬಾಕ್ಸರ್. ಹೊಸ ಹುಡುಗಿಯರನ್ನು ಸಾಲಾಗಿ ಕೂರಿಸಿ, ನಿಶಾತಳ ಕಾಲು ತೋರಿಸಿ ಪಾಠ ಮಾಡುತ್ತಿದ್ದರು. ಆದರೂ ಪ್ರತಿ ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ಒಂದೇ ಕತೆ. ನಲವತ್ತೆಂಟು ಕೆಜಿಯ ವಿಭಾಗಕ್ಕೆ ನಿಶಾತ್ ಇಡ್ಲಿ ತಿಂದು ಬಂದು ತೂಕ ಕೊಡುತ್ತಿದ್ದಳು. ಉದ್ದನೆಯ ಹುಡುಗಿಯರು ನೀರು ಬಿಟ್ಟು, ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡಿ, ಮೈ ಒಣಗಿಸಿಕೊಂಡು ಅದೇ ತೂಕಕ್ಕೆ ಇಳಿದು ಬರುತ್ತಿದ್ದರು. ರಿಂಗಿನಲ್ಲಿ ಅವರ ಕೈ ಸಲೀಸಾಗಿ ಅವಳ ಮುಖ ಮುಟ್ಟುತ್ತಿತ್ತು. ಅವಳ ಕೈ ಅವರ ಮುಖ ಮುಟ್ಟಬೇಕಾದರೆ ಆ ಉದ್ದದ ಕೈಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಅಷ್ಟು ಪಾಡುಪಟ್ಟು ಹೋಗಿ ಹೊಡೆದರೂ ಅವರ ತಲೆ ಅಲ್ಲಾಡುತ್ತಿರಲಿಲ್ಲ. ಅಲ್ಲಾಡದ ತಲೆ ನೋಡಿ ಅಂಕ ಕೊಡಲು ಜಡ್ಜುಗಳಿಗೂ ಮನಸ್ಸು ಬರುತ್ತಿರಲಿಲ್ಲ.

ಈಗ ಅವಳಿಗೆ ಇಪ್ಪತ್ತೆಂಟು. ಭುಜ ನೋಡಿದ ಡಾಕ್ಟರು ಈ ವರ್ಷಕ್ಕೆ ಮುಗಿಸಿಬಿಡು ಎಂದಿದ್ದರು. ಬೆನ್ನ ಮೇಲೆ ಕರ್ನಾಟಕ ಎಂದು ಬರೆದ ಟ್ರ್ಯಾಕ್‌ಸೂಟನ್ನು ಒಂದೇ ಒಂದು ಸಲ ಹಾಕಿಕೊಳ್ಳಬೇಕು ಎಂಬ ಆಸೆಗೆ ಉಳಿದಿದ್ದುದು ಈ ವರ್ಷದ ತಂಡದ ಆಯ್ಕೆಯೊಂದೇ.

ಹೀಗಿರುವಾಗ ಸಿಂಚನಾ ಮತ್ತಿಕೆರೆಯಲ್ಲಿದ್ದ ನಿಶಾತಳ ಮನೆಯವರ ಹಾಸಿಗೆ ಅಂಗಡಿಗೆ ಬಂದಳು. ಅದೇ ಶೆಡ್ಡಿನ ಹುಡುಗಿ, ಹತ್ತೊಂಬತ್ತು ವರ್ಷ, ನಿಂತರೆ ಮೊಣಕಾಲು ಮುಟ್ಟುತ್ತವೇನೋ ಎನ್ನುವಂಥ ಕೈಗಳು. ಅವಳಿಗೆ ಜ್ಯಾಬ್ ಕಲಿಸಿದವಳು ನಿಶಾತಳೇ. ಜ್ಯಾಬ್ ಎಂದರೆ ಎಡಗೈಯ ನೇರ ಏಟು. ಉದ್ದಗಿರುವವರು ಕುಳ್ಳಗಿರುವವರನ್ನು ದೂರ ಇಡಲು ಹಾಕಿಕೊಳ್ಳುವ ಬೇಲಿ. "ನೀನೇ ಕಲ್ಸಮ್ಮ. ಉದ್ದ ಇರೋರು ಏನ್ ಮಾಡಿದ್ರೆ ನಿಂಗ್ ಕಷ್ಟ ಆಯ್ತದೆ ಅನ್ನೋದು ನಿಂಗೇ ತಾನೆ ಗೊತ್ತಿರೋದು" ಎಂದು ಮುನಿಶಾಮಪ್ಪ ನಿಶಾತಳ ಕೈಗೆ ಏಟು ಹಿಡಿಯುವ ಪ್ಯಾಡು ಕೊಟ್ಟಿದ್ದರು. ನಿಶಾತ್ ಎದುರು ನಿಂತು, "ಚಾಚು, ಪೂರ್ತಿ ಚಾಚು, ಭುಜ ತಿರುಗ್ಲಿ" ಎಂದು ಸಂಜೆಗಟ್ಟಲೆ ಕೂಗಿದ್ದಳು. ತನ್ನನ್ನು ಸೋಲಿಸುವುದು ಹೇಗೆಂದು ಇಷ್ಟು ಮುತುವರ್ಜಿಯಿಂದ ಕಲಿಸಿದವರು ಇನ್ನೊಬ್ಬರು ಸಿಗಲಾರರು.

ಹತ್ತಿಯ ಧೂಳಿನ ನಡುವೆ ನಿಶಾತಳ ಅಪ್ಪ ಅನ್ವರ್ ಟೀ ತರಿಸಿದರು. ಸಿಂಚನಾ ಲೋಟ ಹಿಡಿದುಕೊಂಡು ಕೂತಳೇ ಹೊರತು ಕುಡಿಯಲಿಲ್ಲ.

"ಅಕ್ಕಾ, ಐವತ್ತೆರಡು ಕೆಜಿಯಲ್ಲಿ ಆ ಬೆಳಗಾವಿ ಹುಡುಗಿ ಇರೋವರೆಗೂ ನಂಗೆ ಚಾನ್ಸಿಲ್ಲ. ನಲವತ್ತೆಂಟಕ್ಕೆ ಇಳಿಯೋಣ ಅಂತಿದೀನಿ. ನೀವ್ ಬೇಡ ಅಂದ್ರೆ ಬರಲ್ಲ."

ಹಿರಿಯರ ತೂಕಕ್ಕೆ ಇಳಿಯುವ ಮೊದಲು ಅವರನ್ನೊಂದು ಮಾತು ಕೇಳುವುದು ಆ ಶೆಡ್ಡಿನ ಪದ್ಧತಿ. ಕೇಳಿದ ಮೇಲೆ ಬೇಡ ಅನ್ನಬಾರದು ಎನ್ನುವುದೂ ಪದ್ಧತಿಯೇ, ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ಮರ್ಯಾದೆಗಳು ಯಾವಾಗಲೂ ಕೇಳಿದವರಿಗೆ ಹಗುರ, ಹೇಳಿದವರಿಗೆ ಭಾರ.

"ಬಾ. ನಿನ್ ಕೈ ನಂಗ್ ಗೊತ್ತಿರೋದೇ ಅಲ್ವಾ" ಎಂದಳು.

ಹುಡುಗಿ ಹೋದ ಮೇಲೆ ಅನ್ವರ್ ಮನೆಮಾತಿನಲ್ಲಿ, ಯಾಕೆ ಹೂಂ ಅಂದೆ ಎಂದು ಗದರಿದರು. ಅವಳು ಲೋಟ ತೊಳೆಯಲು ಎದ್ದಳು.

ಆಯ್ಕೆ ನಡೆದದ್ದು ಯಲಹಂಕದ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಇಬ್ಬರೂ ಒಬ್ಬೊಬ್ಬರನ್ನೇ ಸೋಲಿಸಿಕೊಂಡು ಫೈನಲ್ಲಿಗೆ ಬಂದರು. ಆ ದಿನ ಬೆಳಿಗ್ಗೆ ತೂಕ ಕೊಡುವಾಗ ಸಿಂಚನಾಳ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಸಂಜೆಯ ಹೊತ್ತಿಗೆ ನೀರು, ಗಂಜಿ ಕುಡಿದು ಮತ್ತೆ ತುಂಬಿಕೊಂಡಿದ್ದಳು. ಒಂದೇ ಶೆಡ್ಡಿನ ಇಬ್ಬರು ಎದುರಾದರೆ ಮುನಿಶಾಮಪ್ಪ ಯಾರ ಮೂಲೆಯಲ್ಲೂ ನಿಲ್ಲುತ್ತಿರಲಿಲ್ಲ. ಅವರು ಜನರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತರು. ನಿಶಾತಳ ಮೂಲೆಗೆ ಮೈಸೂರಿನ ಕೋಚೊಬ್ಬರು ನೀರಿನ ಬಾಟಲಿ ಹಿಡಿದು ನಿಂತರು.

ಮೊದಲ ರೌಂಡು ನಿಶಾತ್ ಕನಸಿನಲ್ಲಿ ಆಡಿಕೊಳ್ಳುತ್ತಿದ್ದ ರೌಂಡು. ತಲೆ ತಗ್ಗಿಸಿ ಒಳಗೆ ನುಗ್ಗಿದಳು, ಪಕ್ಕೆಗೆ ಎರಡು ಕೊಟ್ಟು ಮುಖಕ್ಕೊಂದು ಕೊಟ್ಟು ಹೊರಗೆ ಬಂದಳು. ಮತ್ತೆ ನುಗ್ಗಿದಳು. ಜನ ಚಪ್ಪಾಳೆ ತಟ್ಟಿದರು. ಖುಷಿಯಲ್ಲಿ ಮೈ ಹಗುರಾಗಿತ್ತು. ರೌಂಡು ಮುಗಿಯುವ ಹೊತ್ತಿಗೆ, ಇಷ್ಟು ಸುಲಭವಾಗಿ ಒಳಗೆ ಹೋಗುತ್ತಿದ್ದೇನಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆಗ ಸಿಂಚನಾಳ ಎಡಗೈ ನೋಡಿದಳು. ಅದು ಅರ್ಧ ದೂರ ಬಂದು ನಿಂತು ವಾಪಸು ಹೋಗುತ್ತಿತ್ತು. ಭುಜ ತಿರುಗುತ್ತಲೇ ಇರಲಿಲ್ಲ. ನೋಡುವವರಿಗೆ ಸುಸ್ತಾದ ಹುಡುಗಿಯ ಹಾಗೆ ಕಾಣುತ್ತಿತ್ತು. ಆದರೆ ಆ ಭುಜವನ್ನು ತಿರುಗಿಸಲು ಕಲಿಸಿದವಳಿಗೆ ಅದು ಬೇಕೆಂದೇ ತಿರುಗುತ್ತಿಲ್ಲ ಎಂದು ತಿಳಿಯದೆ ಇರುತ್ತದೆಯೇ?

ಗಂಟೆ ಬಡಿಯಿತು. ಸ್ಟೂಲಿನ ಮೇಲೆ ಕೂತು ನೀರು ಮುಕ್ಕಳಿಸುವಾಗ ಅವಳ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಬಿಟ್ಟುಬಿಡು, ಇನ್ನೆರಡು ರೌಂಡು ಹೀಗೇ ಆಡಿದರೆ ಟ್ರ್ಯಾಕ್‌ಸೂಟು ನಿನ್ನದು, ಇಷ್ಟು ವರ್ಷ ಎಷ್ಟು ಜನ ನಿನಗೆ ಏನು ಬಿಟ್ಟುಕೊಟ್ಟಿದ್ದಾರೆ, ಎಂದಿತು ಒಂದು. ಇದು ನಿನ್ನ ಗೆಲುವಲ್ಲ, ಎಂದಿತು ಇನ್ನೊಂದು. ಏನು ಮಾಡಲಿ ಎಂದು ಕೇಳುವವಳ ಹಾಗೆ ಮುನಿಶಾಮಪ್ಪನವರ ಕಡೆ ನೋಡಿದಳು. ಅವರು ಕಣ್ಣು ತಪ್ಪಿಸಿ ನೆಲ ನೋಡಿದರು.

ಅವರಿಗೂ ಗೊತ್ತಾಗಿದೆ. ಗೊತ್ತಾಗಿಯೂ ಸುಮ್ಮನಿದ್ದಾರೆ. ಅಂದರೆ ಸಿಂಚನಾ ಪೂರ್ತಿ ಆಡಿದರೆ ನಿಶಾತ್ ಗೆಲ್ಲುವುದಿಲ್ಲ ಎಂದು ಅವಳ ಗುರುವೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಿಶಾತಳಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಇದರಲ್ಲಿ ದೊಡ್ಡತನವೇನೂ ಇರಲಿಲ್ಲ. ತಾನು ಗೆದ್ದೇ ಗೆಲ್ಲುತ್ತೇನೆ ಎಂದು ಅವಳು ನಂಬಿದ್ದಳು. ಈ ಶೆಡ್ಡಿನವರಿಗೆಲ್ಲ ಒಂದು ಸಲ ತೋರಿಸಿಬಿಡುತ್ತೇನೆ ಎಂದುಕೊಂಡು ಎದ್ದಳು.

ಎರಡನೇ ರೌಂಡು ಶುರುವಾಗುತ್ತಿದ್ದಂತೆ ಒಳಗೆ ನುಗ್ಗಿ ಸಿಂಚನಾಳನ್ನು ತಬ್ಬಿ ಹಿಡಿದಳು. ಹಲ್ಲಿನ ಕವಚದ ಹಿಂದಿನಿಂದಲೇ, "ಚಾಚು" ಎಂದಳು.

ಸಿಂಚನಾ ಇಲ್ಲವೆಂದು ತಲೆಯಾಡಿಸಿದಳು.

"ಚಾಚೇ. ಇಲ್ಲಾಂದ್ರೆ ಇನ್ಮೇಲೆ ನನ್ನ ಅಕ್ಕ ಅನ್ಬೇಡ."

ರೆಫರಿ ಬಂದು ಬಿಡಿಸಿ, ಮಾತಾಡಬೇಡಿ ಎಂದು ಎಚ್ಚರಿಸಿದರು. ನಿಶಾತ್ ಹಿಂದಕ್ಕೆ ಸರಿದು ದೂರ ನಿಂತಳು, ಪ್ಯಾಡು ಹಿಡಿದು ನಿಲ್ಲುತ್ತಿದ್ದಷ್ಟೇ ದೂರ. ಸಿಂಚನಾಳ ಕಣ್ಣು ತುಂಬಿತ್ತು. ಆಮೇಲೆ ಎಡಗೈ ಬಂತು, ಪೂರ್ತಿ, ಭುಜ ತಿರುಗಿಸಿಕೊಂಡು, ನಿಶಾತಳ ಹಣೆಗೆ.

ಅಲ್ಲಿಂದ ಮುಂದೆ ನಿಶಾತ್ ಆಡಿದ್ದು ಅವಳ ಜೀವಮಾನದ ಆಟ. ಅದನ್ನು ನೋಡಿದವರು ಈಗಲೂ ಹೇಳುತ್ತಾರೆ. ಮೂರು ಜ್ಯಾಬುಗಳಲ್ಲಿ ಎರಡನ್ನು ತಪ್ಪಿಸಿದಳು, ಪಕ್ಕಕ್ಕೆ ಜಾರಿದಳು, ಕೆಳಗಿನಿಂದ ಬಂದಳು, ಕಲಿತದ್ದೊಂದನ್ನೂ ಬಾಕಿ ಉಳಿಸಲಿಲ್ಲ. ಆದರೆ ತಪ್ಪಿಸಲಾಗದ ಆ ಮೂರನೆಯದು ಪ್ರತಿ ಸಲ ಅವಳನ್ನು ಬಂದ ದಾರಿಗೇ ಹಿಂದೆ ಕಳಿಸುತ್ತಿತ್ತು. ಹೇಗೋ ನುಸುಳಿ ಹೋಗಿ ಗಲ್ಲಕ್ಕೆ ಸರಿಯಾಗಿ ಕೊಟ್ಟರೆ ಸಿಂಚನಾ ಅದನ್ನು ತೆಗೆದುಕೊಂಡು ಅಲ್ಲೇ ನಿಂತಿರುತ್ತಿದ್ದಳು. ಕೊನೆಯ ರೌಂಡಿನಲ್ಲಿ ಆ ಎಡಗೈಯ ಹಿಂದೆಯೇ ಬಲಗೈ ಬಂತು. ನಿಶಾತಳ ಮೊಣಕಾಲು ಮಡಚಿಕೊಂಡಿತು. ರೆಫರಿ ಎಂಟರವರೆಗೆ ಎಣಿಸಿದರು. ಎದ್ದು ಮತ್ತೆ ನುಗ್ಗಿದಳು, ಗಂಟೆ ಬಾರಿಸುವವರೆಗೂ ನುಗ್ಗುತ್ತಲೇ ಇದ್ದಳು. ರೆಫರಿ ಎತ್ತಿದ್ದು ಸಿಂಚನಾಳ ಕೈಯನ್ನು.

ಒಳಾಂಗಣದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಗ ಮುನಿಶಾಮಪ್ಪ ಬಂದು ಪಕ್ಕದಲ್ಲಿ ಕೂತರು.

"ಸರ್, ಮೊದಲ್ನೇ ರೌಂಡಲ್ಲೇ ನಿಮಗೆ ಗೊತ್ತಾಗಿತ್ತು ಅಲ್ವಾ" ಎಂದಳು ನಿಶಾತ್.

"ಗೊತ್ತಾಗಿತ್ತಮ್ಮ."

"ಮತ್ತೆ?"

"ಒಂದ್ ಸಲನಾದ್ರೂ ನೀನ್ ರಾಜ್ಯ ತಂಡಕ್ಕೆ ಓಗ್ಲಿ ಅಂತ ಆಸೆ. ಇನ್ನೇನ್ ಏಳ್ಲಿ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಇವತ್ತು ನೀನ್ ಆಡ್ದಂಗೆ ನಮ್ ಶೆಡ್ನಾಗೆ ಯಾರೂ ಆಡಿಲ್ಲ ಕಣಮ್ಮ. ನಾನೂ ಆಡಿಲ್ಲ."

ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೆಚ್ಚು ನೋವಾಯಿತು. ಕಡಿಮೆ ಆಡಿ ಸೋತಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ಮುನಿಶಾಮಪ್ಪ ಎದ್ದು ಹೋದ ಮೇಲೆ ಸಿಂಚನಾ ಬಂದಳು. ಅತ್ತು ಮುಖ ಊದಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೂತಳು. ಹಾಗೆ ಕೂತಾಗ ಇಬ್ಬರೂ ಒಂದೇ ಎತ್ತರ.

"ನನ್ ಮೇಲೆ ಸಿಟ್ಟಾ ಅಕ್ಕಾ?"

"ಮೊದಲ್ನೇ ರೌಂಡಿಗೆ ಸಿಟ್ಟು. ಉಳಿದಿದ್ದಕ್ಕೆ ಇಲ್ಲ." ನಿಶಾತ್ ಅವಳ ಕಡೆ ತಿರುಗಿದಳು. "ಒಂದ್ ಕೇಳ್ತೀನಿ, ನಿಜ ಹೇಳ್ಬೇಕು. ಕೊನೇ ರೌಂಡಲ್ಲಿ ಮುಖಕ್ಕೆ ಅಷ್ಟೊಂದ್ ಹೊಡೆದೆನಲ್ಲ, ನೋವಾಯ್ತಾ?"

ಸಿಂಚನಾ ಗೇಟಿನ ಕಡೆ ನೋಡಿದಳು. ಆಗತಾನೆ ಒಂದು ಸಲ ದಯೆ ತೋರಿಸಲು ಹೋಗಿ ಬೈಸಿಕೊಂಡಿದ್ದಳು. ಮತ್ತೆ ತೋರಿಸುವ ಧೈರ್ಯ ಅವಳಿಗೆ ಬರಲಿಲ್ಲ.

"ಇಲ್ಲ ಅಕ್ಕಾ" ಎಂದಳು.

"ಒಂದೂ?"

"ಗೊತ್ತಾಗ್ತಿತ್ತು, ಹೊಡೀತಿದೀರಾ ಅಂತ. ನೋವಾಗ್ಲಿಲ್ಲ."

ನಿಶಾತ್ ಸರಿ ಎಂಬಂತೆ ತಲೆಯಾಡಿಸಿದಳು. ಗ್ಲೋವಿನೊಳಗೆ ಸುತ್ತಿದ್ದ ಬಲಗೈಯ ಬ್ಯಾಂಡೇಜು ಬಿಚ್ಚಲು ಹೋದರೆ ಎಡಗೈಯ ಬೆರಳೂ ಮಡಚಲಿಲ್ಲ. ಹೊಡೆದು ಹೊಡೆದು ಗೆಣ್ಣುಗಳೆಲ್ಲ ಬಾತುಕೊಂಡಿದ್ದವು. ಕೈಯನ್ನು ಸಿಂಚನಾಳ ಮುಂದೆ ಹಿಡಿದಳು.

"ಇದೊಂದು ಬಿಚ್ಚು. ನೋಯ್ತಿದೆ."