ಹಂಡೆಯಲ್ಲಿ ಪಾಚಿ

ಪಾಚಿಯ ಮೇಲೆ ಪಿಎಚ್.ಡಿ. ಮಾಡುವವಳನ್ನು ಕ್ಯಾತನಹಳ್ಳಿಯಲ್ಲಿ ಯಾರೂ ಗೌರವದಿಂದ ನೋಡುವುದಿಲ್ಲ. ನೋಡಲಿ ಎಂದು ನಾನೂ ಕಾದು ಕೂತಿಲ್ಲ. ನನ್ನ ಪಾಚಿಯ ಹೆಸರು ಕ್ಯಾರಾ. ಅದರ ಒಂದೊಂದು ಜೀವಕೋಶವೂ ಬೆರಳುದ್ದ ಇರುತ್ತದೆ. ಒಳಗಿನ ಜೀವರಸ ಒಂದು ಬದಿಯಲ್ಲಿ ಏರಿ, ಇನ್ನೊಂದು ಬದಿಯಲ್ಲಿ ಇಳಿದು, ಸುತ್ತುತ್ತಲೇ ಇರುತ್ತದೆ. ಸೂಕ್ಷ್ಮದರ್ಶಕಕ್ಕೆ ಬೆಳಕನ್ನು ಧ್ರುವೀಕರಿಸುವ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹಾಕಿದರೆ ಸುತ್ತೆಲ್ಲ ಕಪ್ಪಾಗಿ, ಹರಿಯುವ ಕಣಗಳು ಮಾತ್ರ ಮಿನುಗುತ್ತವೆ. ಆ ಹರಿವಿನ ವೇಗ ಅಳೆಯುವುದೇ ನನ್ನ ಕೆಲಸ.

ನಮ್ಮೂರ ಕೆರೆಯ ಹೂಳೆತ್ತಿದ ಮೇಲೆ ಆ ಜಾತಿ ಉಳಿದಿದ್ದು ನಮ್ಮ ಹಿತ್ತಿಲಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಾತ್ರ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಕಟ್ಟೆಗಳಿಗೆಲ್ಲ ಇಳಿದು ಹುಡುಕಿ ಬರಿಗೈಯಲ್ಲಿ ಬಂದಿದ್ದೆ. ಕೊನೆಯ ಅಳತೆಗಳು ಬಾಕಿ ಇದ್ದವು. ಅವಿಲ್ಲದೆ ಪ್ರಬಂಧ ಒಪ್ಪುವುದಿಲ್ಲ ಎಂದು ಮಾರ್ಗದರ್ಶಕ ರಘುನಂದನ್ ಕಡ್ಡಿ ಮುರಿದಂತೆ ಹೇಳಿದ್ದರು.

ಮೈಸೂರಿಂದ ಮನೆಗೆ ಬಂದಾಗ ಟಬ್ಬು ಬೋರಲು ಬಿದ್ದಿತ್ತು.

"ಪಾಚಿ ಎಲ್ಲವ್ವಾ?"

"ಅಂಡೇಲಿ ಬುಟ್ಟಿವ್ನಿ," ಎಂದಳು ಅವ್ವ. "ಆ ಪ್ಲಾಸ್ಟಿಕ್ಕಲ್ಲಿ ಯಾವ್ ಜೀವ ಬದುಕ್ತದೆ? ಉಣಸೆ ಅಣ್ಣು ಆಕಿ ತಿಕ್ಕಿವ್ನಿ, ಎಂಗೆ ಒಳೀತೈತೆ ನೋಡು. ತಾಮ್ರದ್ ನೀರು ಮೈಗೊಳ್ಳೇದು."

ನಮ್ಮ ಮೈಗಿರಬಹುದು. ಪಾಚಿಗೆ ತಾಮ್ರ ವಿಷ. ಕಿರುಚಬೇಕೆನಿಸಿತು. ಹುಳಿಗೆ ಅವಳ ಬೆರಳ ತುದಿಗಳು ಸುಲಿದಿದ್ದವು. ಯಾರ ಮೇಲೆ ಕಿರುಚಲಿ?

ಎಳೆಗಳನ್ನು ಎತ್ತಿದರೆ ಲೋಳೆಲೋಳೆ. ಬೇರೆ ನೀರಿಗೆ ಹಾಕಿದೆ, ಮೈಸೂರಿಂದ ತಂದಿದ್ದ ಸೂಕ್ಷ್ಮದರ್ಶಕಕ್ಕೆ ಆ ಎರಡು ಹಾಳೆ ಸಿಕ್ಕಿಸಿ ಒಂದೊಂದನ್ನೇ ಅದರ ಕೆಳಗಿಟ್ಟೆ. ಎಲ್ಲವೂ ನಿಂತಿದ್ದವು. ಒಂದೇ ಒಂದು ಕೋಶದಲ್ಲಿ ಹರಿವು ಇನ್ನೂ ಇತ್ತು, ನಿಧಾನವಾಗಿ, ಎಡವುತ್ತ. ವಿಷ ಉಂಡ ಕೋಶದ ವೇಗ ಯಾವ ಪ್ರಬಂಧಕ್ಕೂ ಬಾರದು. ಉಳಿಸುವ ದಾರಿಯೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಓದಿ, ಅದು ಸಾಯುವುದನ್ನು ಚೆನ್ನಾಗಿ ನೋಡುವುದಷ್ಟೇ ನನಗೆ ಬರುತ್ತಿತ್ತು.

"ನಂಗೂ ಒಸಿ ತೋರ್ಸೆ," ಎಂದಳು ಅವ್ವ. ಎಂದೂ ಕೇಳಿದವಳಲ್ಲ. ಎದ್ದು ಜಾಗ ಬಿಟ್ಟೆ.

ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದಳು. "ಅಯ್ಯೋ ಮಗಾ! ದೀಪ ಇಡ್ಕಂಡು ಸಾಲಾಗಿ ನಡೀತಾವಲ್ಲೇ! ಇದ್ನಾ ನೀನು ಇಷ್ಟ್ ದಿನ ನೋಡ್ತಿದ್ದುದ್ದು?"

"ಊಂ ಕಣವ್ವ."

ನನ್ನ ಕೆಲಸ ಅವಳಿಗೆ ಅರ್ಥವಾದದ್ದು ಅದೇ ಮೊದಲು. ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದಳು. ಆಮೇಲೆ ಅವಳ ನಗು ಮೆಲ್ಲಗೆ ಮಾಯವಾಯಿತು. ತಟ್ಟನೆ ಹಿಂದೆ ಸರಿದು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿಂತೋಯ್ತು ಕಣೆ. ನಾನೇನೂ ಮುಟ್ನಿಲ್ಲ, ನಿನ್ನಾಣೆ."

"ಗೊತ್ತು ಕಣವ್ವ," ಎಂದೆ. "ನೀನೇನೂ ಮಾಡ್ನಿಲ್ಲ."